ಬೆಕ್ಕಿನ ಕಪಾಟು ನೋಡಿಕೊಂಡ ನಾಲ್ಕು ವಾರ

ಮಾರ್ಚ್ 2, ಸೋಮವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ಗಂಟಲೊಳಗಿನ ಗಂಟು ತೆಗೆದಿದ್ದಾರೆ. ಸಾಸಿವೆ ಕಾಳಿನಷ್ಟಿತ್ತಂತೆ. ಅಷ್ಟು ಚಿಕ್ಕದಕ್ಕೆ ಮೂರು ವಾರ ಬಾಯಿಗೆ ಬೀಗ! ಡಾಕ್ಟರಮ್ಮ ಬೆರಳೆತ್ತಿ ಹೇಳಿದರು: "ಮಾತು ಇಲ್ಲ, ಗುನುಗೋದು ಇಲ್ಲ, ಪಿಸುಮಾತೂ ಇಲ್ಲ. ಪಿಸುಗುಟ್ಟೋದು ಕೂಗೋದಕ್ಕಿಂತ ಕೆಟ್ಟದ್ದು." ಹಾಗಾದರೆ ಕೂಗಲೇ ಎಂದು ಕೇಳಬೇಕು ಅನಿಸಿತು. ಕೇಳುವುದು ಯಾವ ಬಾಯಿಂದ?

ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತವಳು ನಾನು. ನಾನು "ಪ್ರಯಾಣಿಕರ ಗಮನಕ್ಕೆ" ಅಂದರೆ ಮಲಗಿದ ನಾಯಿಯೂ ತಲೆ ಎತ್ತುತ್ತದೆ. ಮೈಕು ಕೆಟ್ಟ ದಿನ ಬರೀ ಬಾಯಲ್ಲೇ ಒಂಬತ್ತನೇ ಪ್ಲಾಟ್‌ಫಾರಂವರೆಗೆ ಮುಟ್ಟಿಸಿದ್ದೇನೆ. ಅಂಥವಳನ್ನು ತಂದು ಗೋಡೆಗೆ ಒರಗಿಸಿದ್ದಾರೆ, ಒಡೆದ ಹಾರ್ಮೋನಿಯಂ ಹಾಗೆ.

ನಮ್ಮ ಯಜಮಾನರು ಒಂದು ಪುಟ್ಟ ಬಿಳಿ ಬೋರ್ಡು, ಎರಡು ಮಾರ್ಕರ್ ತಂದುಕೊಟ್ಟರು. ಕೊಡುವಾಗ ತುಟಿ ಕಚ್ಚಿಕೊಂಡಿದ್ದರು. ನಗು ತಡೆಯುವಾಗ ಇವರು ಹಾಗೇ ಮಾಡುವುದು. ಗಡಿಯಾರ ರಿಪೇರಿ ಮಾಡುವವರು, ಮನೆ ತುಂಬಾ ಗಡಿಯಾರ. "ಇವತ್ತು ಮೊದಲನೇ ಸಲ ಎಲ್ಲಾ ಗಡಿಯಾರದ ಸದ್ದೂ ಕೇಳಿಸ್ತಿದೆ ಕಣೆ" ಅಂದರು. ನಾನು ಬೋರ್ಡಿನ ಮೇಲೆ ಬರೆದೆ. ಏನು ಬರೆದೆ ಅನ್ನುವುದು ಇಲ್ಲಿ ಬೇಡ.

ಬೋರ್ಡಿನಲ್ಲಿ ಹಿಡಿಸದ್ದನ್ನೆಲ್ಲ ಈ ನೋಟ್‌ಬುಕ್ಕಿಗೆ ಸುರಿಯುತ್ತೇನೆ. ಇಲ್ಲದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ.

ಮಾರ್ಚ್ 4, ಬುಧವಾರ

ಇವರು ಟೀ ಕುಡಿಯುತ್ತಾ, ಕಿಟಕಿ ಕಡೆ ಮುಖ ಮಾಡಿ, "ನಿನ್ನ ತಂಗಿ ಏಣಿಯಿಂದ ಬಿದ್ದಿದಾಳೆ" ಅಂದರು. ಪಾದದ ಮೂಳೆ ಮುರಿದಿದೆ. ಮಂಡಿಯವರೆಗೆ ಪ್ಲಾಸ್ಟರ್. ಪುಸ್ತಕದಂಗಡಿ ಮೂರು ದಿನದಿಂದ ಮುಚ್ಚಿದೆ.

ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಎರಡು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದು, ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಇಟ್ಟುಕೊಂಡಳು. ಆಗ ನಾನು ಅವಳ ಒಳ್ಳೆಯದಕ್ಕೇ ನಾಲ್ಕು ಮಾತು ಹೇಳಿದೆ. ಅಕ್ಕ ಅಲ್ಲದೆ ಇನ್ನಾರು ಹೇಳಬೇಕು? ಅವತ್ತಿನಿಂದ ನಮ್ಮ ಮನೆ ಹೊಸಿಲು ತುಳಿದಿಲ್ಲ. ಇವರು ಮಾತ್ರ ಆಗಾಗ ಹೋಗಿ ಬರುತ್ತಾರೆ, ಅಂಗಡಿಯ ಗೋಡೆ ಗಡಿಯಾರ ನೋಡುವ ನೆಪದಲ್ಲಿ. ಆ ಗಡಿಯಾರ ಕೆಟ್ಟಷ್ಟು ಸಲ ಪ್ರಪಂಚದ ಯಾವ ಗಡಿಯಾರವೂ ಕೆಟ್ಟಿಲ್ಲ.

"ಅವಳಿಗೆ ಓಡಾಡೋಕಾಗಲ್ಲ, ನಿನಗೆ ಮಾತಾಡೋಕಾಗಲ್ಲ. ಇಬ್ಬರನ್ನೂ ಸೇರಿಸಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತೆ" ಅಂದರು. "ನಾಳೆಯಿಂದ ಹೋಗು. ನಾನು ಅವಳಿಗೆ ಹೇಳಾಯ್ತು."

ಬೋರ್ಡಿನ ಮೇಲೆ "ಇಲ್ಲ" ಎಂದು ಬರೆದೆ. ಇವರು ಕನ್ನಡಕ ತೆಗೆದು ಒರೆಸಿ, "ಏನು ಬರೆದಿದೀಯೋ ಕಾಣಿಸ್ತಿಲ್ಲ" ಅಂದರು.

ಮಾರ್ಚ್ 5, ಗುರುವಾರ

ಅಂಗಡಿ ಇರುವುದು ನಮ್ಮ ಬಸ್ ನಿಲ್ದಾಣದ ಎದುರಿಗೇ, ಬೇಕರಿಗೂ ಕೀಲಿಕೈ ಮಾಡುವವನ ಗೂಡಿಗೂ ನಡುವೆ. ಎರಡು ವರ್ಷ ದಿನಾ ಅದರ ಮುಂದೆ ಹಾದುಹೋಗಿದ್ದೇನೆ, ಆ ಕಡೆ ತಿರುಗದೆ. ಒಳಗೆ ಇಷ್ಟು ಉದ್ದವಿದೆ ಎಂದು ಗೊತ್ತೇ ಇರಲಿಲ್ಲ. ಎರಡೂ ಕಡೆ ಸೂರಿನವರೆಗೆ ಪುಸ್ತಕ. ಹಿಂದಿನ ಕೋಣೆಯಲ್ಲಿ ತಂಗಿ ಬೆತ್ತದ ಕುರ್ಚಿಯಲ್ಲಿ ಕೂತು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದಳು. ತೆಳ್ಳಗಾಗಿದ್ದಾಳೆ. ಕೂದಲು ಕತ್ತರಿಸಿಕೊಂಡಿದ್ದಾಳೆ, ಚೆನ್ನಾಗಿಲ್ಲ.

"ಬಂದ್ಯಾ ಅಕ್ಕ" ಅಂದಳು, ಪುಸ್ತಕದಿಂದ ಕಣ್ಣೆತ್ತದೆ.

ಬೋರ್ಡಿನ ಮೇಲೆ ಬರೆದು ತೋರಿಸಿದೆ: ಏಣಿ ಹತ್ತುವಾಗ ನೋಡಿಕೊಂಡು ಹತ್ತಬಾರದಾ?

"ನಿನಗೆ ಮಾತಾಡಬಾರದು ಅಂದಿದಾರಂತೆ. ಬರೆದು ಬೈಬಹುದು ಅಂದಿದಾರಾ?"

ನೋಡಿ, ಇದಕ್ಕೆ ನನ್ನಲ್ಲಿ ಆರು ಉತ್ತರ ಇದ್ದವು. ಆರೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಮೊದಲನೆಯದನ್ನು ಬರೆದು ಮುಗಿಸುವಷ್ಟರಲ್ಲಿ ಅವಳು ಕೆಲಸ ಹೇಳಿಕೊಡಲು ಶುರುಮಾಡಿಬಿಟ್ಟಿದ್ದಳು. ಪುಸ್ತಕ ಹೋದರೆ ಇಲ್ಲಿ ಗುರುತು ಹಾಕು, ಬಂದರೆ ಅಲ್ಲಿ ಹೊಡೆದುಹಾಕು. "ಆಮೇಲೆ ಈ ಕಡೆ ಮೂಲೆದು ಬೆಕ್ಕಿನ ಮಂಗಾ ಕಪಾಟು. ಅಂಗಡಿಗೆ ಬರೋರಲ್ಲಿ ಅರ್ಧ ಜನ ಇದಕ್ಕೇ ಬರೋದು."

ಬೆಕ್ಕು ಸರಿ, ಮಂಗ ಯಾಕೆ ಎಂದು ಬರೆದೆ.

"ಮಂಗ ಅಲ್ಲ ಅಕ್ಕ, ಮಂಗಾ. ದೀರ್ಘ ಇದೆ. ಜಪಾನಿನ ಚಿತ್ರಕಥೆ."

ಕಪಾಟಿನ ನೆತ್ತಿಯಲ್ಲಿ ಅವಳೇ ಬರೆದ ಫಲಕ: "ಬೆಕ್ಕು ಪ್ರೀತಿಸುವವರಿಗೆ". ಇನ್ನೂರು ಪುಸ್ತಕವಾದರೂ ಇವೆ. ಪ್ರತಿಯೊಂದರ ಮೇಲೂ ಒಂದು ಬೆಕ್ಕು ನನ್ನನ್ನೇ ದುರುಗುಟ್ಟಿ ನೋಡುತ್ತದೆ. ಒಬ್ಬ ದೊಡ್ಡ ಹೆಂಗಸು ಇದನ್ನೆಲ್ಲ ಓದುತ್ತಾ ಕೂರುವುದೆಂದರೆ!

ಮಾರ್ಚ್ 6, ಶುಕ್ರವಾರ

ಹೊತ್ತು ಹೋಗದೆ ಒಂದು ತೆಗೆದು ಓದಿದೆ. ಮೊದಲ ಪುಟದಲ್ಲೇ ಎಲ್ಲರೂ ಕೈ ಬೀಸಿ ಬೀಳ್ಕೊಡುತ್ತಾರೆ. ನಡುವೆ ಒಬ್ಬಳು ಕಾರಣವಿಲ್ಲದೆ ಅಳುತ್ತಾಳೆ. ಕೊನೆಯ ಪುಟದಲ್ಲಿ ಒಂದು ಬೆಕ್ಕು ಬರುತ್ತದೆ, "ನೀನು ಯಾರು?" ಎಂದು ಅವಳು ಕೇಳುತ್ತಾಳೆ. ತಲೆಬುಡ ಇಲ್ಲ. ಹಾಗೆಂದು ಬೋರ್ಡಿನಲ್ಲಿ ಬರೆದು ತಂಗಿಗೆ ತೋರಿಸಿದೆ. ಅವಳು ಪುಸ್ತಕ ಹಿಡಿದ ನನ್ನ ಕೈ ನೋಡಿ, ಪ್ಲಾಸ್ಟರ್ ಕಾಲು ಅದುರುವಷ್ಟು ನಕ್ಕಳು. ಇವನ್ನು ಹಿಂದಿನಿಂದ ಮುಂದಕ್ಕೆ, ಬಲದಿಂದ ಎಡಕ್ಕೆ ಓದಬೇಕಂತೆ. ಮೊದಲೇ ಹೇಳಲು ಏನಾಗಿತ್ತು?

ಗಿರಾಕಿಗಳ ಕಥೆ ಬೇರೆ. ನಾನು ಬೋರ್ಡು ತೋರಿಸಿದ ಕೂಡಲೇ ಅವರು ಕೂಗಲು ಶುರುಮಾಡುತ್ತಾರೆ. ಬಾಯಿಲ್ಲ ಅಂದರೆ ಕಿವಿಯೂ ಇಲ್ಲವೇ?

ಎಲ್ಲಕ್ಕಿಂತ ದೊಡ್ಡ ಹಿಂಸೆ ಎದುರಿನ ಲೌಡ್‌ಸ್ಪೀಕರ್. ನನ್ನ ಜಾಗಕ್ಕೆ ಪಾರ್ಸೆಲ್ ವಿಭಾಗದ ಗುಮಾಸ್ತರನ್ನು ಕೂರಿಸಿದ್ದಾರೆ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ ಮಾತಾಡುತ್ತಾರೆ. ಮಧ್ಯಾಹ್ನ ಎರಡರ ಎಕ್ಸ್‌ಪ್ರೆಸ್ ನಾಲ್ಕನೇ ಪ್ಲಾಟ್‌ಫಾರಂಗೆ ಬರುತ್ತದೆ ಅಂದರು. ನಾಲ್ಕಕ್ಕೆ! ಇಪ್ಪತ್ತೆರಡು ವರ್ಷದಿಂದ ಅದು ಆರಕ್ಕೇ ಬರುವುದು. ಜನ ಗಂಟುಮೂಟೆ ಹೊತ್ತು ನಾಲ್ಕಕ್ಕೆ ಓಡುತ್ತಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಅಂಗಡಿ ಬಾಗಿಲಿಗೆ ಹೋಗಿ ಕೂಗಿಬಿಟ್ಟೆ: "ಅಲ್ಲಲ್ಲ, ಆರು! ಆರಕ್ಕೆ ಹೋಗಿ!"

ಜನ ಆರಕ್ಕೆ ಓಡಿದರು. ಬಸ್ಸು ಆರಕ್ಕೇ ಬಂತು. ನನ್ನ ಗಂಟಲಿಗೆ ಬೆಂಕಿ ಬಿತ್ತು.

ಮಾರ್ಚ್ 7, ಶನಿವಾರ

ಡಾಕ್ಟರಮ್ಮ ಒಂದು ವಾರ ಹೆಚ್ಚಿಗೆ ಹಾಕಿದರು. ಒಟ್ಟು ನಾಲ್ಕು. ಇನ್ನೊಂದು ಸಲ ಬಾಯಿ ಬಿಟ್ಟರೆ ಮೈಕು ಮರೆತುಬಿಡಿ ಅಂದರು. ಮನೆಗೆ ಬರುವ ದಾರಿಯಲ್ಲಿ ಇವರು ನಗಲಿಲ್ಲ. ಅದಕ್ಕೇ ಇನ್ನೂ ಹೆದರಿಕೆಯಾಯಿತು.

ಮಾರ್ಚ್ 10, ಮಂಗಳವಾರ

ಈಗ ಕೆಲಸಕ್ಕೆ ಒಂದು ಶಿಸ್ತು ತಂದಿದ್ದೇನೆ. ಜನ ಬಂದು "ಬೆಕ್ಕಿನದ್ದು ಯಾವುದಾದ್ರೂ ಚೆನ್ನಾಗಿರೋದು ಕೊಡಿ" ಅನ್ನುತ್ತಾರೆ. ತಂಗಿಯಾದರೆ ಒಬ್ಬೊಬ್ಬರ ಜೊತೆ ಕಾಲು ಗಂಟೆ ಹರಟುತ್ತಿದ್ದಳಂತೆ. ನಾನು ಅರ್ಧ ನಿಮಿಷಕ್ಕೆ ಮುಗಿಸುತ್ತೇನೆ. ಮುಖ ನೋಡುವುದು, ಕೈಗೆ ಒಂದು ಇಡುವುದು, ಗುರುತು ಹಾಕುವುದು, ಮುಂದಿನವರು ಬನ್ನಿ. ಇವತ್ತು ಒಂದೇ ದಿನ ಇಪ್ಪತ್ತಾರು ಪುಸ್ತಕ ಹೊರಟವು.

ಪಕ್ಕದ ಬೇಕರಿಯಾಕೆಯೂ ಬಂದಿದ್ದಳು, ಕೈತುಂಬಾ ಮೈದಾ ಹಿಟ್ಟು. ಏನೋ ಹೇಳಲು ಬಾಯಿ ತೆರೆದಳು. ಹಿಂದೆ ನಾಲ್ಕು ಜನ ನಿಂತಿದ್ದರು. ಎಲ್ಲರೂ ಹೊಗಳುವ ಪುಸ್ತಕವನ್ನೇ ಕೊಟ್ಟು ಕಳಿಸಿದೆ. ಹದಿನೆಂಟು ವರ್ಷ ಬದುಕಿದ ಮುದಿ ಬೆಕ್ಕಿನ ಕಥೆ. ಅಧ್ಯಾಯಕ್ಕೊಂದು ವರ್ಷ.

ತಂಗಿ ಒಳಗಿನಿಂದ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಮೆಚ್ಚಿರಬೇಕು.

ಮಾರ್ಚ್ 12, ಗುರುವಾರ

ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಬೇಕರಿಯಾಕೆ ನಿಂತಿದ್ದಳು. ಪುಸ್ತಕವನ್ನು ಕೌಂಟರಿನ ಮೇಲೆ ಕುಕ್ಕಿದಳು.

"ನನ್ನ ಬೆಕ್ಕು ಪ್ರಾಣಿ ಆಸ್ಪತ್ರೇಲಿ ಡ್ರಿಪ್ ಹಾಕಿಸ್ಕೊಂಡು ಮಲಗಿದೆ. ಕಿಡ್ನಿ. ಐದು ದಿನ ಆಯ್ತು, ಏನೂ ತಿಂದಿಲ್ಲ. ಮನಸ್ಸು ಸ್ವಲ್ಪ ಆ ಕಡೆ ಈ ಕಡೆ ಆಗಲಿ ಅಂತ ಪುಸ್ತಕ ಕೇಳೋಕೆ ಬಂದ್ರೆ, ಬೆಕ್ಕು ಸಾಯೋದನ್ನ ಕೊಟ್ಟಿದೀರಲ್ಲ! ಒಂದು ಮಾತು ಕೇಳೋಕಾಗಲಿಲ್ವಾ ನಿಮಗೆ?"

ನನಗೆ ಮಾತು ಬರಲ್ಲಮ್ಮ ಎಂದು ತೋರಿಸಬಹುದಿತ್ತು. ಬೋರ್ಡು ಕೈಯಲ್ಲೇ ಇತ್ತು. ಏಕೋ ಎತ್ತಲಿಲ್ಲ.

ತಂಗಿ ಊರುಗೋಲು ಬಡಿಯುತ್ತಾ ಹೊರಗೆ ಬಂದಳು. ಕ್ಷಮಿಸಿ ಅನ್ನಲಿಲ್ಲ, ಪುಸ್ತಕದ ಮಾತೂ ಎತ್ತಲಿಲ್ಲ. "ಮನೇಲಿ ಅದು ಎಲ್ಲಿ ಮಲಗುತ್ತೆ?" ಎಂದು ಕೇಳಿದಳು ಅಷ್ಟೆ. ಬೇಕರಿಯಾಕೆ, "ಖಾಲಿ ಹಿಟ್ಟಿನ ಚೀಲದ ಮೇಲೆ" ಅಂದಳು. ಆಮೇಲೆ ಅಣೆಕಟ್ಟು ಒಡೆದಂತೆ ಹೇಳಿದಳು. ಬೆಳಗಿನ ಜಾವ ಒಲೆ ಹಚ್ಚುವಾಗ ಬಂದು ಕಾಲಿಗೆ ತಲೆ ಗುದ್ದುತ್ತದಂತೆ. ಒಂದು ಸಲ ಹಿಟ್ಟಿನ ಡಬ್ಬಕ್ಕೆ ಬಿದ್ದು ದೆವ್ವದ ಹಾಗೆ ಎದ್ದು ಬಂತಂತೆ. ಅದನ್ನು ಹೇಳುವಾಗ ಅವಳಿಗೇ ನಗು ಬಂತು.

ಅವಳು ಹೋದಮೇಲೆ ತಂಗಿ ಅಂದಳು: "ಅಕ್ಕ, ಬೆಕ್ಕಿನ ಪುಸ್ತಕ ಕೇಳೋರು ಬೆಕ್ಕಿನ ಪುಸ್ತಕಕ್ಕೆ ಬಂದಿರಲ್ಲ. ತಮ್ಮ ಬೆಕ್ಕಿನ ವಿಷಯ ಹೇಳೋಕೆ ಬಂದಿರ್ತಾರೆ. ಕೇಳಿಸ್ಕೊಂಡ ಮೇಲೆ ಯಾವ ಪುಸ್ತಕ ಅಂತ ತಾನಾಗೇ ಗೊತ್ತಾಗುತ್ತೆ."

ನನಗಿಂತ ಎಂಟು ವರ್ಷ ಚಿಕ್ಕವಳು. ನನಗೇ ಪಾಠ!

ಮಾರ್ಚ್ 13, ಶುಕ್ರವಾರ

ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕೌಂಟರಿನ ಮೇಲೆ ನಿಲ್ಲಿಸಿದೆ: ನಿಮ್ಮ ಬೆಕ್ಕಿನ ಬಗ್ಗೆ ಹೇಳಿ. ಸುಮ್ಮನೆ ಒಂದು ದಿನ ನೋಡೋಣ ಅಂತ.

ಒಬ್ಬ ಬಸ್ ಕಂಡಕ್ಟರು ಬಂದ. ನಿಲ್ದಾಣದಲ್ಲಿ ಹತ್ತು ವರ್ಷದಿಂದ ನೋಡಿದ ಮುಖ. ಅವನಿಗೆ ಬೆಕ್ಕಿನ ಹುಚ್ಚು ಎಂದು ಗೊತ್ತೇ ಇರಲಿಲ್ಲ. ಬೆಕ್ಕು ಹತ್ತಿರ ಬಂದರೆ ಸೀನು, ಕಣ್ಣಲ್ಲಿ ನೀರು. "ಮುಟ್ಟೋ ಯೋಗ ಇಲ್ಲ ಮೇಡಂ, ಓದೋ ಯೋಗನಾದ್ರೂ ಇರಲಿ" ಅಂದ. ಕ್ಷೌರದಂಗಡಿಯ ಕಥೆ ಕೊಟ್ಟೆ. ಒಂದು ದಢೂತಿ ಬೆಕ್ಕು ಕ್ಷೌರದ ಕುರ್ಚಿ ಹಿಡಿದು ಕೂರುತ್ತದೆ, ಎಬ್ಬಿಸಲು ಕ್ಷೌರಿಕನಿಗೆ ಸಂಕೋಚ, ಊರಿನವರೆಲ್ಲ ನಿಂತುಕೊಂಡೇ ಕೂದಲು ಕತ್ತರಿಸಿಕೊಳ್ಳುತ್ತಾರೆ. ಅದರಲ್ಲಿ ಬೆಕ್ಕಿನ ರೋಮ ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ ಬೆರಳಿಗೆ ಮೆತ್ತಗೆ ತಾಕಿದ ಹಾಗಾಗುತ್ತದೆ. ಹಾಗೆಂದು ಚೀಟಿ ಬರೆದು ಒಳಗಿಟ್ಟೆ.

ಹೊಸದಾಗಿ ಮದುವೆಯಾದ ಒಬ್ಬಳು ಬಂದಳು. ಗಂಡನ ಬೆಕ್ಕು ಅವಳನ್ನು ಮಂಚ ಹತ್ತಲು ಬಿಡುವುದಿಲ್ಲವಂತೆ. ಇದಕ್ಕೆ ನನ್ನ ಹತ್ತಿರ ಎಂಥೆಂಥ ಸಲಹೆ ಇತ್ತು! ಆದರೆ ಬೋರ್ಡು ಕೌಂಟರಿನ ಮೇಲಿತ್ತು. ಅವಳು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ತಾನೇ, "ಪಾಪ, ಅದಕ್ಕೂ ನಾನು ಹೊಸಬಳೇ ಅಲ್ವಾ" ಅಂದಳು. ಸಲಹೆ ಉಳಿಯಿತು.

ಮಧ್ಯಾಹ್ನ ರಿಟೈರ್ಡ್ ಕಾಂಪೌಂಡರು. ಎಪ್ಪತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿ. ನನ್ನ ಬೋರ್ಡು ಓದಿ, ಹುಟ್ಟು ಮೂಕಿ ಅಂದುಕೊಂಡರು. "ಅಯ್ಯೋ ಪಾಪ" ಎಂದು ಹಗುರಾಗಿ ಕೈ ಮುಗಿದು, ಸ್ಟೂಲು ಎಳೆದುಕೊಂಡು ಕೂತುಬಿಟ್ಟರು. ನಾನೂ ತಿದ್ದಲಿಲ್ಲ. ಅವರ ಹೆಂಡತಿಗೆ ಬೆಕ್ಕು ಕಂಡರೆ ಆಗದು. ಕಾಂಪೌಂಡರು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಒಂದು ಬೀದಿ ಬೆಕ್ಕು ಸಾಕಿದ್ದಾರೆ, ಮೂರು ವರ್ಷದಿಂದ ಗುಟ್ಟಾಗಿ. "ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತೆ ಅಂತಾರಲ್ಲ ತಾಯಿ, ನಮ್ಮನೇಲಿ ನಾನೇ ಕಣ್ಣು ಮುಚ್ಕೊಂಡು ಹಾಲು ಕೊಡ್ತೀನಿ." ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲವಂತೆ. ಹೇಳಿದ ಮೇಲೆ ಹತ್ತು ವರ್ಷ ಚಿಕ್ಕವರಾದ ಹಾಗೆ ಎದ್ದು ಹೋದರು. ಪುಸ್ತಕ ಒಯ್ಯುವುದನ್ನೇ ಮರೆತರು.

ಇಡೀ ದಿನಕ್ಕೆ ಒಂಬತ್ತೇ ಪುಸ್ತಕ. ಲೆಕ್ಕಕ್ಕೆ ಕಡಿಮೆ. ಆದರೂ ಬೋರ್ಡು ನಾಳೆಯೂ ಇರಲಿ.

ಮಾರ್ಚ್ 17, ಮಂಗಳವಾರ

ದೋಣಿ ಬೆಕ್ಕಿನ ಕಥೆ ಓದಿ ಮುಗಿಸಿದೆ, ಹತ್ತೂ ಸಂಪುಟ. ನದಿ ದಾಟಿಸುವ ದೋಣಿಯಲ್ಲಿ ಟಿಕೆಟ್ ಕೊಡುವವಳೊಬ್ಬಳು. ವಾರಕ್ಕೊಂದು ಸಲ ಒಂದು ಕಪ್ಪು ಬೆಕ್ಕು ಹತ್ತುತ್ತದೆ, ಆಚೆ ದಡದಲ್ಲಿ ಇಳಿಯುತ್ತದೆ. ಎಲ್ಲಿಗೆ ಹೋಗುತ್ತದೋ ಅವಳಿಗೆ ಗೊತ್ತಿಲ್ಲ. ಅಷ್ಟೇ ಕಥೆ. ನಾಲ್ಕನೇ ಸಂಪುಟದಲ್ಲಿ ಮೂವತ್ತು ಪುಟ ಒಂದು ಅಕ್ಷರವೂ ಇಲ್ಲ. ಬರೀ ನೀರು, ಬೆಕ್ಕಿನ ಕಿವಿ, ಅವಳ ಕೈ. ಆ ಮೂವತ್ತು ಪುಟಕ್ಕೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ವಯಸ್ಸಾಯಿತು, ಕಣ್ಣು ಮಂದವಾಗುತ್ತಿದೆ ಅಂತ ಕಾಣುತ್ತದೆ.

ಮಾರ್ಚ್ 19, ಗುರುವಾರ

ಬೇಕರಿಯಾಕೆಯ ಬೆಕ್ಕು ಅನ್ನ ಮುಟ್ಟಿತು! ನಿನ್ನೆ ರಾತ್ರಿ ಎರಡು ಚಮಚ ಮೀನಿನ ಗಂಜಿ, ಬೆಳಿಗ್ಗೆ ನಾಲ್ಕು. ಓಡಿ ಬಂದು ಹೇಳಿ, ನನ್ನ ಮುಂದೆ ಬಿಸಿ ಬ್ರೆಡ್ಡು ಇಟ್ಟಳು. ಕಳೆದ ವಾರ ಅವಳಿಗೆ ಬಣ್ಣದ ಕಾರ್ಖಾನೆಯ ಬೆಕ್ಕಿನ ಪುಸ್ತಕ ಕೊಟ್ಟಿದ್ದೆ. ಬಟ್ಟೆಗೆ ಬಣ್ಣ ಹಾಕುವ ಮನೆಯಲ್ಲಿ ಒಂದು ಬಿಳಿ ಬೆಕ್ಕು. ಯಾವ ತೊಟ್ಟಿಗೆ ಕಾಲಿಟ್ಟಿತೋ ಆ ಬಣ್ಣದ ಹೆಜ್ಜೆ ಊರೆಲ್ಲ. ಮೀನು ಕದ್ದದ್ದು ನೀಲಿ, ಹಾಲು ಚೆಲ್ಲಿದ್ದು ಹಳದಿ. ಅದನ್ನು ಆಸ್ಪತ್ರೆಯಲ್ಲಿ ಬೆಕ್ಕಿನ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಿದಳಂತೆ. "ಅದಕ್ಕೂ ಇಷ್ಟ ಆಯ್ತು ಮೇಡಂ, ಕಿವಿ ಆಡಿಸ್ತು." ಕಿವಿ ಆಡಿಸಿದ್ದು ನೊಣಕ್ಕಿರಬಹುದು ಅಂದುಕೊಂಡೆ. ಆದರೆ ಬೋರ್ಡಿನಲ್ಲಿ ಬರೆದದ್ದು: ಯಾವ ಕಿವಿ?

ಎಡಗಿವಿಯಂತೆ.

ಸಂಜೆ ಇವರು, "ಏನೇ, ನಿಮ್ಮ ಪಾರ್ಸೆಲ್ಲಿನವರು ಇವತ್ತು ಸರ್ಕ್ಯುಲರ್ ಬಸ್ಸನ್ನ ಮೂರು ಸಲ ತಪ್ಪು ಹೇಳಿದ್ರಂತೆ?" ಅಂದರು. ನಾನು ಅಂಗಡಿಯಲ್ಲೇ ಇದ್ದೆ, ನನಗೆ ಕೇಳಿಸಲೇ ಇಲ್ಲ. ಕಿವಿಗೂ ಏನಾದರೂ ಆಗಿದೆಯೋ ಏನೋ, ಡಾಕ್ಟರಮ್ಮನನ್ನು ಕೇಳಬೇಕು.

ಮಾರ್ಚ್ 21, ಶನಿವಾರ

ಮಧ್ಯಾಹ್ನ ಗಿರಾಕಿ ಇರಲಿಲ್ಲ. ತಂಗಿಗೆ ಪ್ಲಾಸ್ಟರಿನೊಳಗೆ ಕಡಿತ. ಹೆಣಿಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಾ, ಯಾರಿಗೋ ಹೇಳುವವಳ ಹಾಗೆ ಮಾತು ತೆಗೆದಳು. ಗಂಡನ ಮನೆಯಲ್ಲಿ ಆರು ವರ್ಷ ಹೇಗಿದ್ದಳು ಅಂತ. ಅವನು ಹೊಡೆಯಲಿಲ್ಲ, ಬಡಿಯಲಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಅವಳು ಹೇಳಿದ್ದು ಒಂದೂ ಅವನ ಕಿವಿಗೆ ಬೀಳುತ್ತಿರಲಿಲ್ಲ. "ನಾನು ಒಂದು ಸಲ ಪರೀಕ್ಷೆ ಮಾಡಿದೆ ಅಕ್ಕ. ಊಟಕ್ಕೆ ಕೂತಾಗ, ಅಡುಗೆಮನೆಗೆ ಬೆಂಕಿ ಬಿದ್ದಿದೆ ಅಂದೆ. ಹೂಂ ಅಂದ. ಸಾರು ಹಾಕು ಅಂದ."

ನಾನು ನಗಬಾರದಿತ್ತು. ಸದ್ದಿಲ್ಲದೆ ನಕ್ಕೆ. ಅವಳೂ ನಕ್ಕಳು. ಆಮೇಲೆ ಅಂದಳು, "ಆ ಮನೇಲಿ ನಾನು ಮಾತಾಡಿದ್ರೆ ತಿರುಗಿ ನೋಡ್ತಿದ್ದದ್ದು ಬೆಕ್ಕು ಒಂದೇ."

ನನ್ನ ಹತ್ತಿರ ಮೂರು ವಾಕ್ಯ ಸಿದ್ಧವಾಗಿತ್ತು. ಮದುವೆಗೆ ಮುಂಚೆಯೇ ನಾನು ಹೇಳಿದ್ದೆ ಅನ್ನುವುದು ಮೊದಲನೆಯದು. ಬರೆಯೋಣವೆಂದರೆ ಮಾರ್ಕರ್ ಒಣಗಿತ್ತು. ಇನ್ನೊಂದು ಚೀಲದಲ್ಲಿತ್ತು. ತೆಗೆಯಲಿಲ್ಲ, ಅಷ್ಟೆ.

ಮಾರ್ಚ್ 24, ಮಂಗಳವಾರ

ಅವಳೇ ಹೇಳಿದಳು, ನಾನು ಕೇಳಿರಲಿಲ್ಲ. ಎರಡು ವರ್ಷ ನಮ್ಮ ಮನೆಗೆ ಏಕೆ ಬರಲಿಲ್ಲ ಅನ್ನುವುದನ್ನು.

ಅವಳು ಒಂದೇ ಚೀಲ ಹಿಡಿದು ನಮ್ಮನೆಗೆ ಬಂದ ದಿನ, ಮನೆ ತುಂಬಾ ನೆಂಟರು. ಬೆಕ್ಕನ್ನು ತರಲಾಗಲಿಲ್ಲ, ಆ ಗಡಿಬಿಡಿಯಲ್ಲಿ ಎಲ್ಲೋ ಅವಿತುಕೊಂಡಿತ್ತು. ಅದನ್ನು ನೆನೆದು ಅಳುತ್ತಿದ್ದಳು. ಆಗ ನಾನು ಅಂದೆನಂತೆ: "ಬಿಟ್ಟು ಬಂದ ಗಂಡನಿಗೆ ಅಳೋದು ಬಿಟ್ಟು ಬೆಕ್ಕಿಗೆ ಅಳ್ತಿದಾಳೆ ನೋಡಿ."

"ಎಲ್ಲರೂ ನಕ್ಕರು ಅಕ್ಕ. ನಿನ್ನ ಗಂಟಲು ಗೊತ್ತಲ್ಲ. ಪಕ್ಕದ ಮನೆಯೋರೂ ನಕ್ಕರು."

ನನಗೆ ನೆನಪಿಲ್ಲ ಎಂದು ಬರೆಯಹೊರಟೆ. ನೆನಪಿದೆ. ಯಾರು ಎಲ್ಲಿ ಕೂತಿದ್ದರು ಅನ್ನುವುದೂ ನೆನಪಿದೆ. ಚೆನ್ನಾಗಿ ಹೇಳಿದೆ ಎಂದು ಅವತ್ತು ಖುಷಿಪಟ್ಟಿದ್ದೆ.

ಮಾರ್ಚ್ 25, ಬುಧವಾರ

ಅಂಗಡಿಗೆ ಹೋದೆ. ಬಂದೆ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಿದ್ದಳು ನಮ್ಮಮ್ಮ. ಯಾರನ್ನು ನೋಡಿ ಅನ್ನುತ್ತಿದ್ದಳೋ, ನಾನು ತಂಗಿಗೆ ಅನ್ನುತ್ತಾಳೆ ಅಂದುಕೊಂಡಿದ್ದೆ.

ಮಾರ್ಚ್ 28, ಶನಿವಾರ

ಮೂರು ವಾರದಿಂದ ಊರಿಗೆಲ್ಲ ಪುಸ್ತಕ ಹೇಳಿದ್ದೇನೆ. ಬೆಕ್ಕು ಕಳೆದುಕೊಂಡವರಿಗೆ, ಬೆಕ್ಕು ಸಾಕಲು ಮನೆ ಮಾಲೀಕ ಬಿಡದವರಿಗೆ, ಮೂರು ಬೆಕ್ಕಿನ ನಡುವೆ ಜಗಳ ಬಿಡಿಸಿ ಸುಸ್ತಾದವರಿಗೆ. ಇವತ್ತು ತಂಗಿಗೆ ಒಂದು ಹುಡುಕಿಕೊಡೋಣ ಅನಿಸಿತು. ಅವಳು ಎಲ್ಲವನ್ನೂ ಓದಿದವಳು, ನಿಜ. ಆದರೂ ಸರಿಯಾದ ಹೊತ್ತಿನಲ್ಲಿ ಸರಿಯಾದದ್ದು ಕೈಗೆ ಬರಬೇಕಲ್ಲ.

ಏಣಿ ಹತ್ತಿ, ನೋಡಿಕೊಂಡೇ ಹತ್ತಿ, ಮೇಲಿನ ಸಾಲಿನಿಂದ ಕೆಳಗಿನವರೆಗೆ ತಡಕಿದೆ. ಕಳೆದುಹೋದ ಬೆಕ್ಕು ಇದೆ, ಸತ್ತ ಬೆಕ್ಕು ಇದೆ, ತಾನೇ ಮನೆ ಬಿಟ್ಟು ಹೋದ ಬೆಕ್ಕು ಇದೆ. ಬೆಕ್ಕನ್ನು ಬಿಟ್ಟು ಬರಬೇಕಾಗಿ ಬಂದವರ ಕಥೆ ಒಂದೂ ಇಲ್ಲ. ಬಂದವರು, "ಏನು ಹುಡುಕ್ತಿದೀರಿ?" ಎಂದು ತಾವೂ ಕೈಹಾಕಿದರು. ಕಾಂಪೌಂಡರಂತೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ಸಾಲು ಪೂರ್ತಿ ನೋಡಿದರು. ಸಿಗಲಿಲ್ಲ.

ಕೊನೆಗೆ ಬರೀ ಚೀಟಿ ಬರೆದೆ. "ಬೆಕ್ಕು ಬಿಟ್ಟು ಬಂದವರಿಗೆ ಕೊಡುವ ಪುಸ್ತಕ ನಿನ್ನ ಕಪಾಟಿನಲ್ಲಿಲ್ಲ. ದಿನವೆಲ್ಲ ಹುಡುಕಿದೆ. ಅವತ್ತು ನಾನು ಆಡಿದ್ದು ತಪ್ಪು."

ತಂಗಿ ಓದಿದಳು. ಮತ್ತೊಂದು ಸಲ ಓದಿದಳು. ಮಡಚಿ ಪ್ಲಾಸ್ಟರಿನ ಸಂದಿಗೆ ಸಿಕ್ಕಿಸಿಕೊಂಡಳು. "ಶಟರ್ ಎಳಿ ಅಕ್ಕ, ಹೊತ್ತಾಯ್ತು" ಅಂದಳು.

ಮಾರ್ಚ್ 30, ಸೋಮವಾರ

ಬೇಗ ಬೇಗ ಬರೆಯುತ್ತೇನೆ.

ಬೆಳಿಗ್ಗೆ ಡಾಕ್ಟರಮ್ಮ ಕನ್ನಡಿ ಹಾಕಿ ನೋಡಿ, "ಆ ಅನ್ನಿ" ಅಂದರು. ಅಂದೆ. ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಬಂತು. ಅವರಿಗೆ ಸಂತೋಷವಾಯಿತು. ಇವತ್ತು ಹತ್ತು ನಿಮಿಷ ಮಾತಾಡಬಹುದು, ಮೆಲ್ಲಗೆ. ಇನ್ನು ಒಂದು ತಿಂಗಳಿಗೆ ಮೈಕು.

ಹೊರಗೆ ಇವರು, "ಒಂದು ಮಾತಾಡೇ, ಕೇಳೋಣ" ಎಂದು ಗೋಗರೆದರು. ಪಾಪ, ಅರ್ಧ ದಿನ ಗಡಿಯಾರದಂಗಡಿ ಮುಚ್ಚಿಕೊಂಡು ಬಂದಿದ್ದರು. ನಾನು ಬೆರಳು ಅಡ್ಡ ಆಡಿಸಿದೆ. ಮೊದಲ ಮಾತು ತಂಗಿಗೆ ಎಂದು ಎತ್ತಿಟ್ಟಿದ್ದೆ. ನಿನ್ನೆ ಇಡೀ ದಿನ ಕೂತು ಒಂದು ಒಳ್ಳೆಯ ವಾಕ್ಯ ಕಟ್ಟಿ ಬಾಯಿಪಾಠ ಮಾಡಿದ್ದೆ. ಅದರಲ್ಲಿ ಕ್ಷಮೆ ಇತ್ತು, ಅಕ್ಕತನ ಇತ್ತು, ಒಂದು ಗಾದೆಯೂ ಇತ್ತು.

ಅಂಗಡಿಗೆ ಹೋಗಿ, ಅವಳ ಎದುರು ಕೂತು, ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವಳೇ ಶುರುಮಾಡಿದಳು.

"ಆ ಕಥೆ ಕಪಾಟಲ್ಲಿ ಇಲ್ಲ ಅಂದ್ಯಲ್ಲ, ನಾನೇ ಹೇಳ್ತೀನಿ ಕೇಳು. ಬಂದು ಮೂರು ತಿಂಗಳಾದ ಮೇಲೆ ಒಂದು ದಿನ ಮುಚ್ಚಳದ ಬುಟ್ಟಿ ತಗೊಂಡು ಬೆಕ್ಕು ತರೋಕೆ ವಾಪಸ್ ಹೋದೆ. ಯಾರಿಗೂ ಹೇಳಲಿಲ್ಲ. ಮನೆಗೆ ಬೀಗ. ಕಿಟಕೀಲಿ ಇಣುಕಿದೆ, ಕರೆದೆ, ಇಲ್ಲ. ಸತ್ತೇ ಹೋಯ್ತೇನೋ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಕ್ಕದ ಮನೆ ಹೊಲಿಗೆಯವರು ನೋಡಿದ್ರು. ಒಳಗೆ ಬಾ ಅಂತ ಕೈ ಹಿಡ್ಕೊಂಡು ಕರ್ಕೊಂಡು ಹೋದ್ರು. ಬಾಗಿಲಲ್ಲಿ ನಿಂತೆ ಅಕ್ಕ, ಒಳಗೆ ನೋಡಿದ್ರೆ—"

ಅದೇ ಹೊತ್ತಿಗೆ ಕಾಂಪೌಂಡರು ಬಂದರು, ಕೈಯಲ್ಲಿ ಪುಸ್ತಕ. ತಂಗಿ ಮಾತು ನಿಲ್ಲಿಸಿ, ಮುಖ ಒರೆಸಿಕೊಂಡು, "ಬನ್ನಿ, ಏನು ಬೇಕಿತ್ತು?" ಅಂದಳು.

"ಆಮೇಲೆ?" ಅಂದೆ ನಾನು.

ಬಾಯಿಂದ ಬಿದ್ದುಹೋಯಿತು. ಅಷ್ಟು ಚೆನ್ನಾಗಿ ಕಟ್ಟಿದ್ದ ವಾಕ್ಯ ಅಲ್ಲೇ ಉಳಿಯಿತು. ನಾಲ್ಕು ವಾರ ಕಾದು, ಮೊದಲ ಮಾತನ್ನು ಹೀಗೆ ಪೋಲು ಮಾಡಿದೆನಲ್ಲ ಎಂದು ಈಗಲೂ ಬೇಜಾರಿದೆ.

ಕಾಂಪೌಂಡರ ಕೈಯಿಂದ ಪುಸ್ತಕ ಕೆಳಗೆ ಬಿತ್ತು. "ಅಯ್ಯೋ ತಾಯಿ, ನಿಮಗೆ ಮಾತು ಬರುತ್ತಾ! ನಾನು ಏನೇನೆಲ್ಲ ಹೇಳಿಬಿಟ್ಟಿದೀನಲ್ಲ!"

ತಂಗಿ ಅವರ ಕಡೆ ತಿರುಗಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು. "ಏನಂದೆ ಅಕ್ಕ?"

"ಒಳಗೆ ನೋಡಿದ್ರೆ? ಆಮೇಲೆ ಏನಾಯ್ತು?"

ಅಳುತ್ತಾಳೆ ಅಂದುಕೊಂಡೆ, ನಕ್ಕಳು. "ಹೊಲಿಯೋಕೆ ಬಂದ ಬಟ್ಟೆ ರಾಶಿ ಮೇಲೆ ಮಲಗಿತ್ತು. ದಿಂಬಿನ ಹಾಗೆ ಊದಿಕೊಂಡಿತ್ತು. ಕಣ್ಣು ಬಿಟ್ಟು ನನ್ನ ನೋಡ್ತು. ಆಕಳಿಸಿತು. ಮತ್ತೆ ಮಲಗ್ತು."

"ಗುರುತು ಸಿಗಲಿಲ್ವೇನಮ್ಮ?" ಅಂದರು ಕಾಂಪೌಂಡರು. ಆಗಲೇ ಸ್ಟೂಲಿನ ಮೇಲೆ ಕೂತಾಗಿತ್ತು.

"ಸಿಕ್ತು. ಬಾಲದ ತುದಿ ಎರಡು ಸಲ ಬಡೀತು, ನನಗೆ ಮಾತ್ರ ಹಾಗೆ ಮಾಡೋದು. ಆದರೆ ಏಳಲಿಲ್ಲ."

"ಸಿಟ್ಟು ಬಂತಾ?" ನಾನು ಕೇಳಿದೆ.

"ಬಂತು. ಖಾಲಿ ಬುಟ್ಟಿ ತೊಡೆ ಮೇಲಿಟ್ಕೊಂಡು ಬಸ್ಸಲ್ಲಿ ದಾರಿಯೆಲ್ಲ ಅತ್ತೆ. ಇಳಿಯೋ ಹೊತ್ತಿಗೆ ಯಾಕೋ ಹಗುರ ಆಯ್ತು. ಅದು ಆರಾಮಾಗಿತ್ತು ಅಕ್ಕ. ನಾನಿಲ್ಲದೆ ಬೇರೆ ಮನೇಲಿ, ಬೇರೆ ಹಾಸಿಗೆ ಮೇಲೆ, ಆರಾಮಾಗಿತ್ತು. ಹಾಗಾದ್ರೆ ನಾನೂ ಇರಬಹುದು ಅನ್ನಿಸ್ತು. ಮಾರನೇ ದಿನ ಈ ಅಂಗಡಿ ನೋಡೋಕೆ ಬಂದೆ."

ಕಾಂಪೌಂಡರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು, "ತಾಯಿ, ನಮ್ಮ ಟೆರೇಸಿನ ವಿಷಯ..." ಅಂದರು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವರಿಗೆ ಜೀವ ಬಂದ ಹಾಗಾಯಿತು.

ನಾಲ್ಕು ಗಂಟೆಗೆ ಇವರು ಆಟೋ ತಂದರು. ತಂಗಿಯನ್ನು ಎರಡೂ ಕಡೆ ಹಿಡಿದು ಹತ್ತಿಸಿ ಮನೆಗೆ ಕರೆತಂದಿದ್ದೇವೆ. ಪ್ಲಾಸ್ಟರ್ ಬಿಚ್ಚುವವರೆಗೆ ಇಲ್ಲೇ ಇರುತ್ತಾಳೆ. ಕಟ್ಟಿಟ್ಟ ವಾಕ್ಯ ಇನ್ನೂ ಹೇಳಿಲ್ಲ. ಡಾಕ್ಟರಮ್ಮ ಕೊಟ್ಟ ಹತ್ತು ನಿಮಿಷದಲ್ಲಿ ಎರಡು ನಿಮಿಷವೂ ಖರ್ಚಾಗಿಲ್ಲ. ಉಳಿದ ಎಂಟನ್ನು ನಾಳೆಯದಕ್ಕೆ ಸೇರಿಸಿಕೊಳ್ಳಬಹುದೇ ಎಂದು ಕೇಳಬೇಕು.

ಇನ್ನೂ ಬರೆಯುವುದಿತ್ತು. ಆದರೆ ಒಳಗೆ ತಂಗಿ ಇವರಿಗೆ ಏನೋ ಹೇಳುತ್ತಿದ್ದಾಳೆ, ಇವರು ಬಿದ್ದು ಬಿದ್ದು ನಗುತ್ತಿದ್ದಾರೆ, ಇಲ್ಲಿಂದ ಅರ್ಧ ಮಾತು ಕೇಳಿಸುವುದಿಲ್ಲ. ಎದ್ದು ಹೋಗುತ್ತೇನೆ.